ನೀರು ಹೊತ್ತ ಕಬ್ಬಿಣ

ದೇವಾಪುರ ದಾಟಿ ಹೊಳೆಯ ಕಡೆಗೆ ಇಳಿದರೆ ಕೃಷ್ಣೆಯ ದಂಡೆಗೆ ಆತುಕೊಂಡು ಒಂದು ಸಣ್ಣ ಊರಿದೆ. ಅಲ್ಲಿ ಬರೀ ಮೌನಮ್ಮ ಎಂದು ಕೇಳಿದರೆ 'ಯಾವ ಮೌನಮ್ಮ?' ಎಂದು ತಿರುಗಿ ಕೇಳುತ್ತಿದ್ದರು. ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತು ಪಡೆದ ಹೆಣ್ಣುಮಕ್ಕಳು ಆ ಭಾಗದಲ್ಲಿ ಓಣಿಗೊಬ್ಬರು ಸಿಗುತ್ತಾರೆ. 'ತೆಪ್ಪದ ಮೌನಮ್ಮ' ಎಂದರೆ ಮಾತ್ರ ಎಲ್ಲರೂ ಹೊಳೆಯ ಕಡೆಗೆ ಕೈ ತೋರಿಸುತ್ತಿದ್ದರು.

ಹೊಳೆಯೇ ಆಕೆಯ ತವರು. ಅಪ್ಪ ಬಲೆ ಬೀಸುವವನು. ಮೌನಮ್ಮ ನಡೆಯುವುದನ್ನೂ ಈಜುವುದನ್ನೂ ಒಂದೇ ವರ್ಷದಲ್ಲಿ ಕಲಿತಳೆಂದು ಮನೆಯಲ್ಲಿ ಹೇಳುತ್ತಿದ್ದರು. ಈಜು ಕಲಿಸಿದವನು ಅಣ್ಣ ಬಾಲರಾಜ. ಹೊಟ್ಟೆಯ ಕೆಳಗೆ ಕೈಯಿಟ್ಟು ಹಿಡಿದುಕೊಂಡು, ಆಕೆಗೆ ತಿಳಿಯದ ಹಾಗೆ ಕೈ ತೆಗೆಯುತ್ತಿದ್ದ. ಮುಂದೆ ಆಕೆಯನ್ನು ಯಾದಗಿರಿ ಹತ್ತಿರದ ರಾಮಸಮುದ್ರಕ್ಕೆ ಕೊಟ್ಟರು. ಹೊಳೆಯಿಲ್ಲದ ಊರು. ಮಗಳು ನಂದಿನಿ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಗಂಡ ಕಾಮಾಲೆಯಲ್ಲಿ ಹೋದ. ಗಂಡನ ಮನೆಯವರು ಮಾತು ಕಡಿಮೆ ಮಾಡಿದರು, ಆಮೇಲೆ ರೊಟ್ಟಿ ಕಡಿಮೆ ಮಾಡಿದರು. ಸುದ್ದಿ ತಿಳಿದ ಬಾಲರಾಜ ಬಾಡಿಗೆಗೆ ಟಂಟಂ ಆಟೊ ಮಾಡಿಸಿಕೊಂಡು ಬಂದು ಬಾಗಿಲಲ್ಲಿ ನಿಂತು, "ಹೊಳಿ ಬಿಟ್ಟು ಬದುಕಾಕ ನಿನಗ ಬರಂಗಿಲ್ಲ. ನಡಿ ಮನಿಗೆ" ಎಂದಿದ್ದ. ತನ್ನ ಮನೆಗೆ ಹೊಂದಿಕೊಂಡು ಒಂದು ಕೋಣೆ ಕಟ್ಟಿಸಿಕೊಟ್ಟ. ಆ ಮಾತನ್ನು, ಆ ಟಂಟಂ ಗಾಡಿಯನ್ನು ಮೌನಮ್ಮ ಎಂದೂ ಮರೆಯಲಿಲ್ಲ. ಅಣ್ಣ ಹಗಲನ್ನು ಇರುಳು ಎಂದಿದ್ದರೂ ಆಕೆ ದೀಪ ಹಚ್ಚುತ್ತಿದ್ದಳೇನೋ.

ಬಾಲರಾಜ ಹರೆಯದಲ್ಲಿ ಶಹಾಪುರದ ಅಂಗಡಿಯೊಂದರಲ್ಲಿ ಮೋಟರ್ ರಿಪೇರಿ ಕಲಿತಿದ್ದ. ಮೇಲಿನ ಹೊಲಗಳ ರೈತರು ಕೂಡಿ ಏತ ನೀರಾವರಿ ಸಂಘ ಮಾಡಿದಾಗ ಹೊಳೆಯೂ ಗೊತ್ತಿರುವ, ಮೋಟರೂ ಗೊತ್ತಿರುವ ಮನುಷ್ಯ ಎಂದು ಅವನನ್ನೇ ಪಂಪಿನ ಕೆಲಸಕ್ಕೆ ಇಟ್ಟುಕೊಂಡರು. ಸಂಘದ ಅಧ್ಯಕ್ಷರು ಲಿಂಗಣ್ಣ ಸಾವಕಾರರು. ವಿಭೂತಿಯಿಲ್ಲದೆ ಹೊರಗೆ ಬಾರದ, ಕಿರಾಣಿ ಅಂಗಡಿಯೂ ಬತ್ತದ ಗದ್ದೆಯೂ ಇದ್ದ ಹಿರಿಯರು.

ಆ ಸಂಘದ ಆಸ್ತಿಯೆಂದರೆ ಒಂದು ಕಬ್ಬಿಣದ ತೆಪ್ಪ. ಕಬ್ಬಿಣದ ಪೀಪಾಯಿಗಳನ್ನು ಸಾಲಾಗಿ ಬೆಸೆದು, ಮೇಲೆ ದಪ್ಪ ತಗಡು ಹಾಸಿ, ಅದರ ಮೇಲೆ ಆಳೆತ್ತರದ ಮೋಟರು ಕೂರಿಸಿ, ಅಲ್ಲಿಂದ ದಂಡೆಯ ಮೇಲಿನ ಹೊಲಗಳಿಗೆ ಪೈಪು ಎಳೆದಿದ್ದರು. ಮೊದಲ ಸಲ ಅದನ್ನು ನೀರಿಗಿಳಿಸಲು ಕ್ರೇನ್ ತರಿಸಬೇಕಾಯಿತು, ಕ್ರೇನಿನ ಗಾಲಿಯೇ ಮರಳಲ್ಲಿ ಹೂತು ನಿಂತಿತ್ತು. ಅಂಥದ್ದು ನೀರಿಗೆ ಬಿದ್ದದ್ದೇ ಬೆಂಡಿನ ಹಾಗೆ ತೇಲಿತು. ಬಾಲರಾಜ ಆವತ್ತು ಪುಟ್ಟ ನಂದಿನಿಯನ್ನು ಕರೆದು, "ಬೆರಳು ಹಚ್ಚಿ ನೂಕು" ಎಂದ. ಹುಡುಗಿ ನೂಕಿದಳು. ತೆಪ್ಪ ನಿಧಾನಕ್ಕೆ ಸರಿಯಿತು. ದಂಡೆಯ ಮೇಲಿನ ಜನ ಹೋ ಎಂದರು. ಅಂದಿನಿಂದ ಊರಲ್ಲಿ ಅದಕ್ಕೆ 'ಹೂವಿನ ತೆಪ್ಪ' ಎಂದೇ ಹೆಸರಾಯಿತು.

ಮೇಲಿನ ಅಣೆಕಟ್ಟಿನಲ್ಲಿ ನೀರು ಬಿಟ್ಟರೆ ಹೊಳೆ ಏರುತ್ತದೆ, ತಡೆದರೆ ಇಳಿಯುತ್ತದೆ. ಹೊಳೆ ಏರಿಳಿದ ಹಾಗೆ ತೆಪ್ಪವನ್ನೂ ಆಳಕ್ಕೆ ಬಿಡಬೇಕು, ಇಲ್ಲವೆ ದಂಡೆಯ ಕಾಂಕ್ರೀಟ್ ಗೋಡೆಯ ಕಡೆಗೆ ಎಳೆದುಕೊಳ್ಳಬೇಕು. ಅದಕ್ಕೆ ಎರಡು ಹಗ್ಗ. ಒಂದು ಗೋಡೆಯ ಕಡೆಗೆ ಎಳೆಯುವುದು. ಇನ್ನೊಂದು ಹೊಳೆಯ ಕಡೆಯಿಂದ ಬಿಗಿಹಿಡಿದು ತಡೆಯುವುದು. ನಾಲ್ಕು ಜನ ಇಲ್ಲದೆ ತೆಪ್ಪಕ್ಕೆ ಕೈ ಹಚ್ಚಬಾರದೆಂದು ಸಂಘದವರು ಕಟ್ಟಪ್ಪಣೆ ಮಾಡಿದ್ದರು. ಆ ನಾಲ್ವರೆಂದರೆ ಬಾಲರಾಜ, ಮೌನಮ್ಮ, ಇಬ್ಬರು ಕೂಲಿಯಾಳುಗಳು.

ಮೌನಮ್ಮ ಆ ತೆಪ್ಪದ ಗುಣವನ್ನು ದನದ ಗುಣ ತಿಳಿದಂತೆ ತಿಳಿದಿದ್ದಳು. ಹಗ್ಗವನ್ನು ಜಗ್ಗಿದರೆ ಅದು ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಮೈಯನ್ನು ಹಗ್ಗಕ್ಕೆ ಕೊಟ್ಟು ಸುಮ್ಮನೆ ನಿಲ್ಲಬೇಕು. ಒಂದೆರಡು ಉಸಿರಿನಲ್ಲಿ, ಮಲಗಿದ ಎಮ್ಮೆ ಏಳಲೋ ಬೇಡವೋ ಎಂದು ಯೋಚಿಸಿ ಎದ್ದಂತೆ, ಅದು ಹೊರಡುತ್ತದೆ. ಹೊರಟ ಮೇಲೆ ನಿಲ್ಲಿಸುವುದಕ್ಕೂ ಅಷ್ಟೇ ಹೊತ್ತು ಪುಸಲಾಯಿಸಬೇಕು. ಗೋಡೆ ದೂರವಿರುವಾಗಲೇ ತಡೆಹಗ್ಗ ಬಿಗಿಯಬೇಕು. ಇದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗೈ ಕಲಿತಿತ್ತು, ಅಷ್ಟೆ.

ಆ ವರ್ಷ ಬೇಸಗೆಯ ಬತ್ತಕ್ಕೆ ಕಡೆಯ ನೀರು ಬಿಡುವ ದಿನಗಳು. ಬಾಲರಾಜನ ಹೆಂಡತಿ ರೇಣುಕಾದೇವಿಯ ತವರು ಶಹಾಪುರ. ಅಲ್ಲಿ ಬಸುರಿಯಾಗಿದ್ದ ಆಕೆಯ ತಂಗಿಗೆ ಕುಬಸದ ಕಾರ್ಯವಿತ್ತು. ಗಂಡಹೆಂಡತಿ ಹೋಗಬೇಕು. ಹಿಂದಿನ ದಿನವೇ ಬಾಲರಾಜ ಕೂಲಿಯಾಳುಗಳಿಗೆ, "ನಾಳೆ ಪಂಪು ಬಂದ್, ಬರಬ್ಯಾಡ್ರಿ" ಎಂದು ಹೇಳಿ ಕಳಿಸಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಹೊಳೆ ಏರಿತ್ತು, ತೆಪ್ಪ ನಡುನೀರಿನ ಕಡೆಗೆ ಜಗ್ಗುತ್ತಿತ್ತು. ಹಾಗೇ ಬಿಟ್ಟು ಹೋದರೆ ಪೈಪಿನ ಕೀಲು ಬಿಚ್ಚಿಕೊಳ್ಳುತ್ತದೆ. ಅವನು ತಂಗಿಯ ಕೋಣೆಯ ಬಾಗಿಲು ಬಡಿದ.

"ಮೌನಿ, ಬಾ. ತೆಪ್ಪ ಇಷ್ಟು ದಂಡೀ ಕಡಿ ಎಳದು ಕಟ್ಟಿಬಿಡೂಣು."

"ಇಬ್ಬರ? ತಡಿಹಗ್ಗ ಯಾರು ಹಿಡೀತಾರಣ್ಣ?"

"ಹೂವಿನಂಥಾ ತೆಪ್ಪಕ್ಕ ಎಷ್ಟು ಮಂದಿ ಬೇಕು? ಜಲ್ದಿ ಬಾ, ಬಸ್ಸಿನ ಹೊತ್ತಾತು."

ಮೌನಮ್ಮ ಗೋಡೆಯ ಅಂಚಿನಲ್ಲಿ ನಿಂತು ಹಗ್ಗಕ್ಕೆ ಮೈ ಕೊಟ್ಟಳು. ಬಾಲರಾಜ ತೆಪ್ಪದ ಮೇಲೆ ಹತ್ತಿ ತಡೆಹಗ್ಗ ಬಿಚ್ಚಿದ. ಮೆಟ್ಟಿಲ ಮೇಲೆ ರೇಣುಕಾದೇವಿ ಹೊಸ ಸೀರೆ ಉಟ್ಟು, ಬುತ್ತಿಗಂಟು ತಲೆಯ ಮೇಲಿಟ್ಟುಕೊಂಡು ಇವರನ್ನೇ ನೋಡುತ್ತ ನಿಂತಿದ್ದಳು. "ಆತೇನು? ಆಟೊದವ ಹಾರ್ನ್ ಹೊಡ್ಯಾಕತ್ತಾನ!" ಎಂದು ಕೂಗಿದಳು. ತೆಪ್ಪ ಯೋಚಿಸಿತು, ಹೊರಟಿತು. ಹಿಂದಿನಿಂದ ಗಾಳಿ ಕೂಡಿಕೊಂಡಿತು. ಮೌನಮ್ಮ ಹಗ್ಗ ಸಡಿಲ ಬಿಟ್ಟು, "ಅಣ್ಣಾ, ಸಾಕು, ತಡಿ!" ಎಂದಳು. ತಡೆಯಲು ಆ ಕಡೆ ಯಾರಿದ್ದರು? ಬಿಚ್ಚಿದ ಹಗ್ಗದ ತುದಿ ನೀರಿನಲ್ಲಿ ಹಾವಿನಂತೆ ತೇಲುತ್ತಿತ್ತು.

ತೆಪ್ಪ ಗೋಡೆಗೆ ಬಡಿದರೆ ಪೈಪಿನ ಬಾಯಿ ಒಡೆಯುತ್ತದೆ. ಬಾಲರಾಜನಿಗೆ ಅದೇ ಕಂಡಿತು.

"ಪೈಪ್ ಹೋಗ್ತೈತಿ! ಕುಂದರು, ಕಾಲು ಕೊಡು! ಕಾಲಿಲೆ ತಡಿ!"

"ನಿಲ್ಲಂಗಿಲ್ಲಣ್ಣ ಇದು!"

"ನೀರಾಗ ಅದರದೇನ್ ತೂಕ? ಕಾಲು ಕೊಡಂದ್ರ ಕೊಡು!"

ಮೌನಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಕುಳಿತಳು, ಬಲಗಾಲು ಚಾಚಿದಳು. ಆ ಧ್ವನಿಗೆ ಹುಟ್ಟಿದಾಗಿನಿಂದ ಕೇಳಿಕೊಂಡೇ ಬಂದ ಮೈ ಅದು. ಹೊಟ್ಟೆಯ ಕೆಳಗಿನ ಆ ಕೈ ಯಾವತ್ತೂ ಆಕೆಯನ್ನು ಮುಳುಗಲು ಬಿಟ್ಟಿರಲಿಲ್ಲ.

ತೆಪ್ಪ ಜೋರಾಗಿ ಬರಲಿಲ್ಲ. ಮದುವೆ ಮನೆಗೆ ಬರುವ ಮುದುಕಿಯ ಹಾಗೆ ಸಾವಕಾಶ ಬಂತು. ಪಾದಕ್ಕೆ ತಾಗಿತು, ಪಾದವನ್ನು ಗೋಡೆಗೆ ಒತ್ತಿತು, ನಿಲ್ಲದೆ ಒತ್ತುತ್ತಲೇ ಹೋಯಿತು. ಒಳಗಿನಿಂದ ಬಂದ ಸದ್ದನ್ನು ಆಕೆ ಮೊದಲು ತೆಪ್ಪದ ಸದ್ದೆಂದೇ ತಿಳಿದಳು.

ಸುರಪುರದಲ್ಲಿ ಪಟ್ಟಿ ಕಟ್ಟಿ ಯಾದಗಿರಿಯ ದವಾಖಾನೆಗೆ ಕಳಿಸಿದರು. ಪಾದ ಉಳಿಯುವಂತಿರಲಿಲ್ಲ, ಹರಡಿನ ಗಂಟಿನ ಮೇಲಕ್ಕೆ ಕತ್ತರಿಸಿ ತೆಗೆದರು. ಬಾಲರಾಜ ಆಕೆಯ ಹಾಸಿಗೆಯ ಬಳಿ ಗೋಡೆಗೆ ತಲೆ ಬಡಿದುಕೊಂಡು ಅತ್ತ. ಊಟ ಬಿಟ್ಟ. ಸುರಪುರದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದ ನಂದಿನಿ ಓಡಿ ಬಂದಾಗ ಅವನೇ ಆಕೆಯನ್ನು ತಬ್ಬಿಕೊಂಡು ಸಮಾಧಾನ ಮಾಡಿದ. ಡಾಕ್ಟರು ಹೇಗಾಯಿತೆಂದು ಕೇಳಿದಾಗ, "ಮೆಟ್ಟಲದಾಗ ಜಾರಿ ಬಿದ್ದಾಳ್ರಿ, ತೆಪ್ಪಕ್ಕೂ ಗ್ವಾಡಿಗೂ ನಡುವ ಸಿಕ್ಕಳು" ಎಂದ. ಮಂಪರಿನಲ್ಲಿದ್ದ ಮೌನಮ್ಮನ ಕಿವಿಗೆ ಅದು ಬಿತ್ತು. ಪೊಲೀಸು ಪಂಚನಾಮೆ ಎಂದು ತಾಪತ್ರಯ ಬೇಡವೆಂದು ಅಣ್ಣ ಹೀಗೆ ಹೇಳಿದ್ದಾನೆ ಎಂದುಕೊಂಡಳು. ಅದರಲ್ಲಿ ಆಕೆಗೆ ತಪ್ಪೇನೂ ಕಾಣಲಿಲ್ಲ. ಅಣ್ಣನ ಮಾತನ್ನು ತನ್ನ ಮಾತಾಗಿಸಿಕೊಂಡು, ಕೇಳಿದವರಿಗೆಲ್ಲ "ಜಾರಿ ಬಿದ್ನಿ" ಎಂದೇ ಹೇಳಿದಳು.

ಊರಿಗೆ ಬಂದ ಮೇಲೆ ನೋಡಲು ಬಂದ ಹೆಂಗಸರ ನಡತೆಯಲ್ಲಿ ಏನೋ ಒಂದು ಇತ್ತು. ಬಾಗಿಲ ಹೊರಗೇ ನಿಂತು ಮಾತಾಡಿಸಿ ಹೋಗುವರು. ಎತ್ತಿಕೊಂಡು ಬಂದ ಕೂಸನ್ನು ಆಕೆಯ ತೊಡೆಯ ಮೇಲೆ ಕೊಡುತ್ತಿರಲಿಲ್ಲ. ಕಾಲಿಲ್ಲದವಳೆಂದು ಹೀಗೆ ಎಂದು ಮೌನಮ್ಮ ನುಂಗಿಕೊಂಡಳು.

ಒಂದು ಮಧ್ಯಾಹ್ನ ಎದುರು ಮನೆಯ ಸರ್ವರಬೇಗಂ ಬಂದಳು. ಮೌನಮ್ಮನಿಗಿಂತ ಹಿರಿಯಳು, ಬಾಯಿ ಒರಟು, ಕರುಳು ಮೆತ್ತಗೆ. ಒಳಗೆ ಬಂದು ಹಾಸಿಗೆಯ ಅಂಚಿಗೇ ಕುಳಿತು, ಸೆರಗಿನ ಗಂಟಿನಿಂದ ಕರಿದಾರಕ್ಕೆ ಪೋಣಿಸಿದ ದಪ್ಪನೆಯ ಕಬ್ಬಿಣದ ಕೀಲಿಕೈ ತೆಗೆದು ಆಕೆಯ ಅಂಗೈಯಲ್ಲಿಟ್ಟಳು.

"ಗೋಗಿ ದರ್ಗಾದಾಗ ಓದಿಸಿ ತಂದೇನಿ. ಟೊಂಕಕ್ಕ ಕಟ್ಕೊ. ಬರೂ ಹಂಗಾತಂದ್ರ ಮುಟಗ್ಯಾಗ ಬಿಗಿಯಾಗಿ ಹಿಡಿ."

"ಏನ್ ಬರೂ ಹಂಗಾದ್ರ ಅಕ್ಕಾ?"

"ನನ್ನ ಮುಂದ್ಯಾಕ ಮುಚ್ಚಿಡ್ತಿ? ಮೂರ್ಛಿ ರೋಗ ಮೈಯಾಗ ಬಂದದ್ದು, ನೀ ತಂದ್ಕೊಂಡದ್ದೇನು? ಸಣ್ಣಾಕಿದ್ದಾಗಿಂದ ಐತಂತ. ಹೊಳಿ ಮುಂದ ನಿಂತಾಗ ಬಂತಂತ, ಕಣ್ಣು ತಿರುವಿ ಬಿದ್ದೆಂತ."

ಮೌನಮ್ಮ ಕೀಲಿಕೈಯನ್ನು ನೋಡುತ್ತಲೇ ಕೇಳಿದಳು: "ಯಾರು ಹೇಳಿದ್ರು?"

"ಮತ್ಯಾರು? ನಿನ್ನಣ್ಣನೇ ಸಂಘದಾಗ ಎಲ್ಲಾರ ಮುಂದ ಹೇಳ್ಯಾನ. ಗೋಗಿ ಗಂಡಿನವರು ನಂದಿನಿನ್ನ ನೋಡಾಕ ಬರ್ತೀವಂದವರು ಯಾಕ ಬರಲಿಲ್ಲಂತ ಮಾಡೀದಿ? ಅವರ ಕಿವೀಗೂ ಬಿದ್ದೈತಿ."

ಸರ್ವರಬೇಗಂ ಹೋದ ಮೇಲೆ ಮೌನಮ್ಮ ಹಳೆಯದನ್ನು ಕೆದಕಿ ನೋಡಿದಳು. ಸಣ್ಣವಳಿದ್ದಾಗ ಒಂದು ಸಲ ಕಾದ ಹಂಚಿನಂಥ ಜ್ವರ ಬಂದು ಕೈಕಾಲು ಸೆಟೆದು ನಡುಗಿದ್ದಳಂತೆ. ಒಂದೇ ಸಲ. ಆವತ್ತು ಅವ್ವ ಬಾಲರಾಜನ ಕೈಯನ್ನು ಒಲೆಯ ಮೇಲೆ ಹಿಡಿಸಿ ಆಣೆ ಮಾಡಿಸಿದ್ದಳು. 'ಹೆಣ್ಣುಕೂಸು. ಈ ಮಾತು ಹೊಸ್ತಿಲು ದಾಟಬಾರದು.' ಅವ್ವ ಸತ್ತಳು, ಅಪ್ಪ ಸತ್ತ. ಆ ಸಂಗತಿ ಗೊತ್ತಿದ್ದ ಒಂದೇ ಜೀವವೆಂದರೆ ಅಣ್ಣ. ಇಷ್ಟು ವರ್ಷ ಕಾಪಾಡಿದ್ದನ್ನು ಈಗ ಹೊರತೆಗೆದು ಆಡಿದ್ದ.

ಸಂಜೆ ಬಾಲರಾಜ ಕೋಣೆಗೆ ಬಂದು ಎಂದಿನಂತೆ "ಊಟಾತೇನು?" ಎಂದ. ಮೌನಮ್ಮ ಕೀಲಿಕೈ ಎತ್ತಿ ತೋರಿಸಿದಳು.

"ಅಣ್ಣಾ, ನನಗ ಮೂರ್ಛಿ ಬರ್ತೈತೇನು?"

ಅವನು ಬಾಗಿಲನ್ನು ಮುಂದಕ್ಕೆ ಎಳೆದುಕೊಂಡ. ಗೋಡೆಗೊರಗಿ ಕುಳಿತ. ಸುಳ್ಳು ಹೇಳಲು ಹೋಗಲಿಲ್ಲ, ಅದೊಂದು ಮರ್ಯಾದೆ ಉಳಿಸಿದ.

"ನಾಲ್ಕು ಮಂದಿ ಇಲ್ದ ತೆಪ್ಪ ಯಾಕ ಮುಟ್ಟಿದಿ ಅಂತ ಕೇಳಿದ್ರು. ಬರೀ ಜಾರಿ ಬಿದ್ದಾಳಂದ್ರ ಕೆಲ್ಸಕ್ಕ ಹಚ್ಚಿದಾತ ಯಾರಂತ ನನ್ನ ಮ್ಯಾಲ ಬರ್ತಿತ್ತು. ರೋಗ ಅಂದ್ರ ಯಾರ ತಪ್ಪೂ ಅಲ್ಲ. ನೌಕರಿ ಕಾಯಂ ಮಾಡೂ ಮಾತು ನಡದೈತಿ, ಮೌನಿ. ಹೋದ್ರ ಮತ್ತ ಬರಂಗಿಲ್ಲ."

"ನನ್ನ ಕಾಲೂ ಮತ್ತ ಬರಂಗಿಲ್ಲಲ್ಲ."

"ಅದಕ್ಕ ಅಂದ್ನಿ. ನಿನ್ನ ಕಾಲು ಹೆಂಗೂ ಹೋಗೇತಿ. ಅದರ ಕೂಡ ನನ್ನ ಅನ್ನಾನೂ ಹೋಗ್ಬೇಕೇನು? ನಾ ಇದ್ರ ನೀನೂ ಉಣ್ತಿ."

"ಜಾರಿ ಬಿದ್ಳು ಅಂದಿ, ನಾನೂ ಹೂಂ ಅಂದ್ನಿ. ಮೂರ್ಛಿ ಯಾಕ ಹಚ್ಚಿದಿ? ನನಗ ಅಷ್ಟ ಅಲ್ಲ, ನನ್ನ ಮಗಳಿಗೂ ಹಚ್ಚಿದಿ. ಅವ್ವ ನಿನ್ನ ಕೈ ಒಲಿ ಮ್ಯಾಲ ಹಿಡಿಸಿದ್ದು ನೆನಪೈತೇನು?"

ಬಾಲರಾಜ ಎದ್ದು ನಿಂತ. ಅವನ ಮುಖ ಗಟ್ಟಿಯಾಯಿತು.

"ನೆನಪೈತಿ. ನೀನು ರಾಮಸಮುದ್ರದಿಂದ ಬಂದದ್ದೂ ನೆನಪಿಟ್ಕೊ" ಎಂದು ಹೇಳಿ ಹೋದ.

ಕಾಲು ಕಳೆದುಕೊಂಡಾಗ ಬಾರದ ಅಳು ಆಗ ಬಂತು. ಆ ಟಂಟಂ ಗಾಡಿಯನ್ನೂ ಅವನು ಎಣಿಸಿಟ್ಟಿದ್ದನೆಂದು ಆಕೆಗೆ ಇಷ್ಟು ದಿನ ಗೊತ್ತಿರಲಿಲ್ಲ.

ಮರುದಿನ ಊರುಗೋಲು ಊರಿಕೊಂಡು ಲಿಂಗಣ್ಣ ಸಾವಕಾರರ ಅಂಗಡಿಗೆ ಹೋದಳು. ಬೆವರಿಗೆ ಸೀರೆಯೆಲ್ಲ ತೊಯ್ದಿತ್ತು. ಸಾವಕಾರರು ಕೆಟ್ಟವರಲ್ಲ. ಎದ್ದು ಬಂದು ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು. ಆಕೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅಣ್ಣ ಕಾಲು ಕೊಡು ಎಂದದ್ದು, ತಾನು ಕೊಟ್ಟದ್ದು, ತೆಪ್ಪ ನಿಲ್ಲದೆ ಒತ್ತಿದ್ದು. ಅವರು ಕೇಳಿ ಗಲ್ಲ ಕೆರೆದುಕೊಂಡರು.

"ತಂಗಿ, ಸಿಟ್ಟಾಗಬ್ಯಾಡ. ನೀ ಹೇಳೂದು ನನ್ನ ತಲೀಗೆ ಹೋಗವಲ್ದು. ಅದು ತೇಲೂ ಸಾಮಾನು. ನಿನ್ನ ಮಗಳು ಸಣ್ಣಾಕಿದ್ದಾಗ ಬೆರಳಿಲೆ ನೂಕಿದ್ದು ನಾನ ನೋಡೇನಿ. ಬೆರಳಿಗೆ ಸರಿಯೂದು ಎಲುವು ಮುರೀತೈತಿ ಅಂದ್ರ ಹೆಂಗವ್ವ? ಎಚ್ಚರ ತಪ್ಪಿ ಮ್ಯಾಲಿಂದ ಬಿದ್ದ ಪೆಟ್ಟಿಗೇ ಮುರದಿರಬೇಕು. ಬಾಲರಾಜನೂ ಎಚ್ಚರ ತಪ್ಪಿ ಬಿದ್ಳು ಅಂತಾನ."

ಮೌನಮ್ಮ ಊರುಗೋಲು ಹಿಡಿದು ಎದ್ದಳು. ಮುರಿದದ್ದು ಖರೆ, ಬೆರಳಿಗೆ ಸರಿಯುವುದೂ ಖರೆ. ಎರಡೂ ಹೇಗೆ ಖರೆ?

ಆ ವಾರ ನಂದಿನಿ ಬಂದಾಗ ಆಕೆ ಮಗಳಿಗೆ ಎಲ್ಲವನ್ನೂ ಹೇಳಿ ಇದೊಂದು ಪ್ರಶ್ನೆ ಕೇಳಿದಳು. ನಂದಿನಿ ಪಾಠ ಒಪ್ಪಿಸುವ ದನಿಯಲ್ಲಿ ಶುರು ಮಾಡಿದಳು.

"ಯವ್ವ, ತೂಕ ಅಂದ್ರ ಭೂಮಿ ನಮ್ಮನ್ನ ಕೆಳಗ ಜಗ್ಗೂದು. ತೆಪ್ಪಾನ ಭೂಮಿ ಕೆಳಗ ಜಗ್ಗತೈತಿ, ನೀರು ಮ್ಯಾಲಕ್ಕ ಒತ್ತತೈತಿ. ಅದಕ್ಕ ಎತ್ತೂ ತ್ರಾಸು ನಮಗಿಲ್ಲ, ನೀರೇ ಹೊತ್ಕೊಂಡೈತಿ. ಆದ್ರ ಅದರಾಗಿನ ಕಬ್ಬಿಣ ಎಲ್ಲಿ ಹೋತು? ದಂಡಿ ಮ್ಯಾಲ ಎಷ್ಟಿತ್ತೋ ನೀರಾಗೂ ಅಷ್ಟ ಐತಿ. ಅದಕ್ಕ ದ್ರವ್ಯರಾಶಿ ಅಂತಾರ. ಚಂದ್ರನ ಮ್ಯಾಲ ಒಯ್ದಿಟ್ರ ತೂಕ ಕಡಿಮಿ ಆಗ್ತೈತಿ, ದ್ರವ್ಯರಾಶಿ ಗುಂಜಿಯಷ್ಟೂ ಕಡಿಮಿ ಆಗಂಗಿಲ್ಲ. ಒಂದು ವಸ್ತು ಸರಸಾಕ ಎಷ್ಟು ತ್ರಾಣ ಬೇಕು, ಸರಿಯಾಕತ್ತಿದ್ದನ್ನ ನಿಲ್ಲಸಾಕ ಎಷ್ಟು ಬೇಕು, ಎಲ್ಲಾ ಅದರ ಮ್ಯಾಲ. ಬೆರಳಿಲೆ ನೂಕಿದ್ರ ಸರಿತೈತಿ, ಆದ್ರ ಬೆರಳು ಬಾಳೊತ್ತು ಹಚ್ಚಬೇಕು. ಆಮ್ಯಾಲ ಥಟ್ಟನ ನಿಲ್ಲಸ್ತೀನಿ ಅಂದ್ರ…"

ಅಲ್ಲಿಗೆ ನಿಲ್ಲಿಸಿದಳು. ಕಣ್ಣುಗಳು ತುಂಬಿದ್ದವು.

"ಅಂದ್ರ ಹೊರೂದು ಬ್ಯಾರೆ, ತಡಿಯೂದು ಬ್ಯಾರೆ" ಎಂದಳು ಮೌನಮ್ಮ.

"ಹೂಂ ಯವ್ವ. ಪರೀಕ್ಷ್ಯಾಗ ಎರಡು ಮಾರ್ಕಿಗೆ ಬಂದಿತ್ತು. ಬರದು ಬಂದು ಮರತಿದ್ನಿ."

ಹೊಳೆಯ ದಂಡೆಯಲ್ಲಿ ಒಮ್ಮೆ ಎಲ್ಲರ ಮುಂದೆ ನೋಡಿಬಿಡಿ ಎಂದು ತಾಯಿಮಗಳು ಕೇಳಿಕೊಂಡಾಗ ಲಿಂಗಣ್ಣನವರು ಒಪ್ಪಿದರು. ಸಂಘದ ನಾಲ್ಕೈದು ಹಿರಿಯರು ಬಂದರು. ಬಾಲರಾಜ ಮೋಟರ್ ಬಂದ್ ಮಾಡಿ ತೆಪ್ಪದ ಪಕ್ಕ ಕೈಕಟ್ಟಿ ನಿಂತ. ರೇಣುಕಾದೇವಿ ಹೆಂಗಸರ ನಡುವೆ ನಿಂತಿದ್ದಳು. ನಂದಿನಿ ಪೈಪಿನ ಕೀಲು ಬಿಚ್ಚಿಸಿ, ಡೀಸೆಲ್‌ನ ಖಾಲಿ ಪೀಪಾಯಿಯೊಂದನ್ನು ಗೋಡೆಯ ಬುಡಕ್ಕೆ ತೇಲಿಬಿಡಿಸಿದಳು. ದಂಡೆಯ ಮೇಲಿದ್ದಾಗ ಆ ಪೀಪಾಯಿಯನ್ನು ಆಳೊಬ್ಬ ಹತ್ತಿ ಕುಣಿದು ತೋರಿಸಿದ್ದ, ಒಂದು ತಗ್ಗೂ ಬಿದ್ದಿರಲಿಲ್ಲ.

ಹಗ್ಗ ಹಿಡಿದವಳು ನಂದಿನಿ, ಜೋಳದ ದಂಟಿನಂಥ ಹುಡುಗಿ. "ಜಗ್ಗಬ್ಯಾಡ, ಮೈ ಕೊಟ್ಟು ನಿಲ್ಲು" ಎಂದು ಮೌನಮ್ಮ ಕೂತಲ್ಲಿಂದ ಹೇಳಿದಳು. ತೆಪ್ಪ ಅಲುಗಲಿಲ್ಲ. ಯಾರೋ ನಕ್ಕರು. ಆಮೇಲೆ ಅದು ಹೊರಟಿತು. ಹತ್ತಿರ ಬಂದಂತೆ ನಂದಿನಿ ಹಗ್ಗ ಕೈಬಿಟ್ಟಳು. ಈಗ ಯಾರೂ ಎಳೆಯುತ್ತಿರಲಿಲ್ಲ, ಯಾರೂ ನೂಕುತ್ತಿರಲಿಲ್ಲ. ಆದರೂ ತೆಪ್ಪ ಸಾವಕಾಶವಾಗಿ ಬಂದು ಪೀಪಾಯಿಗೆ ತಾಗಿತು. ಗುಂಯ್ ಎಂದು ಒಂದು ಸದ್ದಾಯಿತು. ಕಬ್ಬಿಣದ ಪೀಪಾಯಿ ಹಪ್ಪಳದ ಹಾಗೆ ಒಳಕ್ಕೆ ಮಡಚಿಕೊಂಡಿತು.

ಲಿಂಗಣ್ಣನವರು ಮೆಟ್ಟಿಲಿಳಿದು ಬಂದು ಪೀಪಾಯಿಯನ್ನು ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ, "ಬಾಲರಾಜ, ಇನ್ನೊಮ್ಮಿ ತೆಪ್ಪ ಬಿಡಸ್ತೀನಿ. ನೀರಾಗ ತೂಕಿಲ್ಲಂದೆಲ್ಲ, ನೀ ಕಾಲು ಕೊಡ್ತೀಯೇನು?" ಎಂದರು.

ಬಾಲರಾಜ ಒಂದು ಹೆಜ್ಜೆ ಹಿಂದೆ ಸರಿದ. "ಒಲ್ಲೆರಿ" ಎಂದ.

ಮೌನಮ್ಮನ ಎದೆ ಒಂದು ಗಳಿಗೆ ಹಗುರಾಯಿತು. ಗೆದ್ದೆ ಎಂದುಕೊಂಡಳು. ಅಷ್ಟರಲ್ಲಿ ಬಾಲರಾಜ ಗಂಟಲು ಸರಿಮಾಡಿಕೊಂಡ.

"ತೆಪ್ಪಕ್ಕ ಮುರಿದಿರಬಹುದ್ರಿ, ನನಗ ತಿಳಿದಿರಲಿಲ್ಲ. ಆದ್ರ ಕಾಲು ಕೊಡಂತ ನಾ ಅಂದಿಲ್ಲ. ಮೂರ್ಛಿ ಬಂತು, ಬಿದ್ದಳು, ಸಿಕ್ಕಳು. ಸ್ವಂತ ತಂಗೀಗೆ ಯಾವ ಅಣ್ಣ ಹಂಗಂತಾನ್ರಿ?"

"ಸಾಕ್ಷಿ ಯಾರರೆ ಅದಾರೇನು ತಂಗಿ?" ಎಂದು ಲಿಂಗಣ್ಣನವರು ಕೇಳಿದರು. "ಆವತ್ತು ಮತ್ಯಾರಿದ್ರು?"

ಮೌನಮ್ಮ ತಿರುಗಿ ನೋಡಿದಳು. ರೇಣುಕಾದೇವಿ ನಿಂತಿದ್ದು ಅದೇ ಮೆಟ್ಟಿಲ ಮೇಲೆ. ಆವತ್ತು ಬುತ್ತಿಗಂಟು ಹೊತ್ತು ಇವರನ್ನೇ ನೋಡುತ್ತ ನಿಂತಿದ್ದವಳು. ಒಂದೇ ಒಲೆಯಲ್ಲಿ ರೊಟ್ಟಿ ಬಡಿದವಳು, ನಂದಿನಿಯ ಜಡೆ ಹಾಕಿದವಳು.

"ಅತ್ತಿಗಿ, ನೀ ನೋಡೀದಿ. ಹೇಳು."

ರೇಣುಕಾದೇವಿ ಗಂಡನ ಮುಖ ನೋಡಲಿಲ್ಲ, ನಾದಿನಿಯ ಮುಖವನ್ನೂ ನೋಡಲಿಲ್ಲ. ಸೆರಗು ಎಳೆದುಕೊಂಡಳು.

"ನಾ ಆಟೊದವನ ಕಡಿ ಮಕಾ ಮಾಡಿದ್ನ್ರಿ. ಏನೂ ನೋಡಿಲ್ಲ."

ಅಲ್ಲಿಗೆ ಪಂಚಾಯ್ತಿ ಮುಗಿಯಿತು. ಸಂಘದವರು ಗೋಡೆಗೆ ಹಳೆಯ ಲಾರಿ ಟೈರುಗಳನ್ನು ಕಟ್ಟಿಸಿದರು. ನಾಲ್ಕು ಜನ ಇಲ್ಲದೆ ತೆಪ್ಪ ಮುಟ್ಟಿದರೆ ಕೆಲಸದಿಂದ ತೆಗೆಯುವುದಾಗಿ ಮತ್ತೊಮ್ಮೆ ಹೇಳಿದರು. ತೇಲುವ ಕಬ್ಬಿಣ ಎಲುಬು ಮುರಿಯಬಲ್ಲದೆಂದು ಊರಿಗೆಲ್ಲ ತಿಳಿಯಿತು, 'ಹೂವಿನ ತೆಪ್ಪ' ಎಂಬ ಹೆಸರೇ ಬಿದ್ದುಹೋಯಿತು. ಆದರೆ ಮೌನಮ್ಮನಿಗೆ ಮೂರ್ಛೆ ಇದೆಯೆಂಬ ಮಾತು ಬಿದ್ದುಹೋಗಲಿಲ್ಲ. ಅದನ್ನು ಸುಳ್ಳೆಂದು ತೋರಿಸಲು ಯಾವ ಪೀಪಾಯಿಯನ್ನು ತಂದಿಡುವುದು? ಬಾರದ ರೋಗವನ್ನು ಬಾರದೆಂದು ತೋರಿಸುವುದು ಹೇಗೆ?

ಮುಂಗಾರಿಗೆ ಮೊದಲೇ ಆಕೆ ಆ ಕೋಣೆ ಬಿಟ್ಟಳು. ಯಾರೂ ಹೋಗೆನ್ನಲಿಲ್ಲ, ಯಾರೂ ಇರೆನ್ನಲಿಲ್ಲ. ಸರ್ವರಬೇಗಂ ಮಾತ್ರ ಗಾಡಿಯವರೆಗೆ ಬಂದು, ಪಾತ್ರೆಯ ಚೀಲ ಎತ್ತಿಕೊಟ್ಟು, "ಆ ಕೀಲಿಕೈ ಬಿಸಾಕಿಬಿಡು, ನನ್ನದ ತಪ್ಪಾತು" ಎಂದು ಕಣ್ಣೊರೆಸಿಕೊಂಡಳು. ಸುರಪುರದಲ್ಲಿ ನಂದಿನಿಯ ಕಾಲೇಜಿಗೆ ಸಮೀಪ ಒಂದು ಕೋಣೆ ಸಿಕ್ಕಿತು. ಮೌನಮ್ಮ ಕುಳಿತಲ್ಲೇ ಬಲೆ ಹೆಣೆದಳು, ಹರಿದ ಬಲೆ ಹೊಲಿದುಕೊಟ್ಟಳು. ಬೆಳಿಗ್ಗೆ ಹೊತ್ತು ಬಾಗಿಲ ಮುಂದೆ ಒಣಮೀನು ಹರವಿಕೊಂಡು ಮಾರಿದಳು. ಹೊಳೆ ಅಲ್ಲಿಂದ ಕಾಣುತ್ತಿರಲಿಲ್ಲ. ಕೃತಕ ಪಾದ ಹಾಕಿಸಿದಾಗ ಮೊದಲ ದಿನ ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ನಡೆದು, ಉಸಿರು ಬಿಟ್ಟು, "ಈಗ ಬಿ.ಎಸ್ಸಿ. ಮುಗಿಸು, ಮದುವಿ ಮಾತು ಆಮ್ಯಾಲ" ಎಂದು ಮಗಳಿಗೆ ಹೇಳಿದಳು.

ನಾಗರ ಪಂಚಮಿ ಹತ್ತಿರ ಬಂತು. ಅಣ್ಣಂದಿರು ತಂಗಿಯರನ್ನು ಕರೆದೊಯ್ಯಲು ಬರುವ ಹಬ್ಬ. ಒಂದು ಬೆಳಿಗ್ಗೆ ಬಾಲರಾಜ ಕೈಯಲ್ಲಿ ಹಬ್ಬದ ಉಂಡಿಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ನೌಕರಿ ಕಾಯಂ ಆದ ಸುದ್ದಿ ಆಕೆಗೆ ಮೊದಲೇ ತಲುಪಿತ್ತು.

ಮೌನಮ್ಮ ಬಲೆಯಿಂದ ತಲೆಯೆತ್ತಿದಳು.

"ಬರ್ರಿ" ಎಂದಳು. "ಕುಂದರ್ರಿ. ನಂದಿನಿ, ಮಾವಗ ನೀರು ಕೊಡವ್ವ."

ಬಾಲರಾಜ ಕೂರಲಿಲ್ಲ. ನಿಂತಲ್ಲೇ ನಿಂತ.

"ಮೌನಿ… ನನಗ ರೀ ಹಚ್ಚಿ ಮಾತಾಡ್ತಿಯೇನು?"

"ಹಿರೇರಿಗೆ ಹಚ್ಚಬೇಕಲ್ರಿ."

ಹೊರಗೆ ಆಟೊ ಒಂದು ಹೋಯಿತು. ಅವನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಆಗಿದ್ದಾತು. ಪಂಚಮಿಗೆ ಕರಿಯಾಕ ಬಂದೇನಿ. ತವರಿಗೆ ಬಾ."

"ಬರ್ತೀನ್ರಿ. ಒಂದು ಹೇಳ್ರಿ. ಊರಾಗ ಬ್ಯಾಡ, ಸಂಘದಾಗ ಬ್ಯಾಡ. ಯಾರರೆ ಒಬ್ಬರ ಮುಂದ 'ನನ್ನ ತಂಗೀಗೆ ಮೂರ್ಛಿ ಇಲ್ಲ, ನಾ ಸುಳ್ಳು ಹೇಳಿದ್ನಿ' ಅಂತ ಇವತ್ತಿನ ತನಕ ಅಂದೀರೇನು?"

ಬಾಲರಾಜ ನೆಲ ನೋಡಿದ. ನಂದಿನಿ ತಂದ ತಂಬಿಗೆಯನ್ನು ಅವನು ತೆಗೆದುಕೊಳ್ಳಲಿಲ್ಲ. ಚೀಲವನ್ನು ಹೊಸ್ತಿಲ ಪಕ್ಕ ಇಟ್ಟು, ಹೊರಡುವಾಗ ಬಾಗಿಲ ಚೌಕಟ್ಟಿಗೆ ಒಮ್ಮೆ ಕೈಯೂರಿ ನಿಂತ. ಬಸ್ ಸ್ಟ್ಯಾಂಡಿನ ಕಡೆಗೆ ನಡೆದುಹೋದ.

ಮೌನಮ್ಮ ಹರಿದ ಬಲೆಯ ಕಣ್ಣು ಹುಡುಕತೊಡಗಿದಳು. ಆಮೇಲೆ ತಲೆಯೆತ್ತದೆ, "ಭಾಳ ಸೊರಗ್ಯಾನಲ್ಲ ಅವ?" ಎಂದಳು.

ನಂದಿನಿ ತಂಬಿಗೆಯನ್ನು ಒಳಗೆ ಒಯ್ದಿಟ್ಟಳು.

ಆ ವರ್ಷ ಪಂಚಮಿಗೆ ಮೌನಮ್ಮ ತವರಿಗೆ ಹೋಗಲಿಲ್ಲ. ಮುಂದಿನ ವರ್ಷವೂ ಹೋಗಲಿಲ್ಲ.